ಓದುಗರ ಪ್ರಶ್ನೆ: ಬಾವಲಿ, ಪುನುಗು, ಒಂಟೆ ಮತ್ತು ಕೊರೊನಾ

ಪ್ರಶ್ನೆ: ಕೊರೊನಾ ವೈರಸ್‌ಗಳ ಮೂಲ ಬಾವಲಿ ಎನ್ನುತ್ತಾರೆ. ಹಾಗಾದರೆ ನಡುವೆ ಪುನುಗು ಬೆಕ್ಕಿನ ಹೆಸರು ಯಾಕೆ ಬರುತ್ತದೆ? ಬಾವಲಿಗಳನ್ನು ಓಡಿಸಿದರೆ ಸಾಲದೆ?
– ಓದುಗರು, ಶಿರಸಿ

ಉತ್ತರ: ಬಾವಲಿಯಲ್ಲಿರುವ ಕೊರೊನಾ ವೈರಸ್‌ಗಳೆಲ್ಲ ಮನುಷ್ಯರಿಗೆ ಹತ್ತುವುದಿಲ್ಲ. ವೈರಸ್‌ನ ಸ್ಪೈಕ್ ಪ್ರೋಟೀನ್ ನಮ್ಮ ಜೀವಕೋಶದ ಹೊರಮೈಯ ಪ್ರೋಟೀನೊಂದಕ್ಕೆ ಗಟ್ಟಿಯಾಗಿ ಅಂಟಿದರಷ್ಟೇ ಒಳನುಗ್ಗಲು ಸಾಧ್ಯ. 2002–03ರಲ್ಲಿ ಹಬ್ಬಿದ ಸಾರ್ಸ್ ಎಂಬ ಶ್ವಾಸಕೋಶದ ಕಾಯಿಲೆಯ ಕೊರೊನಾ ವೈರಸ್ ಅಂಟುವುದು ಎಸಿಇ2 ಎಂಬ ಪ್ರೋಟೀನಿಗೆ. 2003ರ ಮೇ ತಿಂಗಳಲ್ಲಿ ಚೀನಾದ ಶೆನ್‌ಜೆನ್‌ನ ಜೀವಂತ ಪ್ರಾಣಿಗಳ ಮಾರುಕಟ್ಟೆಯಲ್ಲಿದ್ದ ಪುನುಗುಗಳಲ್ಲಿ ಹೆಚ್ಚುಕಡಿಮೆ ಅದೇ ವೈರಸ್ ಸಿಕ್ಕಿತು. ಬಾವಲಿಗೂ ಮನುಷ್ಯರಿಗೂ ನಡುವೆ ಪುನುಗಿನ ಹೆಸರು ಬರುವುದು ಇದರಿಂದಲೇ. ಪುನುಗಿನ ವೈರಸ್‌ನ ಸ್ಪೈಕಿನಲ್ಲಿ 479 ಮತ್ತು 487ನೇ ಸ್ಥಾನಗಳ ಎರಡು ಅಮೈನೋ ಆಮ್ಲ (ಪ್ರೋಟೀನಿನ ಬಿಡಿ ಘಟಕ) ಬದಲಾದರೆ ಸಾಕು, ಮನುಷ್ಯರ ಎಸಿಇ2 ಮೇಲೆ ಅದರ ಹಿಡಿತ ಬಿಗಿಯಾಗುತ್ತದೆ.

ಗಮನಿಸಬೇಕಾದ್ದು ಇನ್ನೊಂದಿದೆ. ಸಾಕಣೆ ಕೇಂದ್ರಗಳ ಪುನುಗುಗಳಲ್ಲಿ ಸೋಂಕು ಅಪರೂಪ, ಮಾರುಕಟ್ಟೆಗೆ ಬಂದವುಗಳಲ್ಲಿ ಧಾರಾಳ. ಅಂದರೆ ಸೋಂಕು ಬೆಳೆದದ್ದು ಸಾಗಾಟ ಮತ್ತು ಮಾರಾಟದ ಹಾದಿಯಲ್ಲಿ, ಬೇರೆಬೇರೆ ಪ್ರಾಣಿಗಳ ಪಂಜರಗಳನ್ನು ಒಂದರ ಮೇಲೊಂದು ಪೇರಿಸಿದ ಕಡೆ. ಕುದುರೆಲಾಳ ಬಾವಲಿಗಳಲ್ಲಿ ಸಾರ್ಸ್‌ನ ಹತ್ತಿರದ ಬಂಧುಗಳು ಸಿಕ್ಕಿದ್ದು 2005ರಲ್ಲಿ. ಕೋವಿಡ್ ವೈರಸ್‌ಗೆ ಶೇ 96.8ರಷ್ಟು ಹೋಲುವ ಬಾವಲಿ ವೈರಸ್ ಲಾವೋಸ್‌ನಲ್ಲಿದೆ. ಹತ್ತಿರದ್ದೇ ಅನ್ನಿಸಬಹುದು. ಆದರೆ ಸುಮಾರು 30,000 ಅಕ್ಷರಗಳ ಜೀನೋಮಿನಲ್ಲಿ, ಅಂದರೆ ವೈರಸ್‌ನ ಪೂರ್ತಿ ಆನುವಂಶಿಕ ಬರಹದಲ್ಲಿ, ಉಳಿದ ವ್ಯತ್ಯಾಸವೇ 900ಕ್ಕೂ ಹೆಚ್ಚು ಅಕ್ಷರಗಳು. ಕೋವಿಡ್ ವಿಷಯದಲ್ಲಿ ಬಾವಲಿಗೂ ಮನುಷ್ಯರಿಗೂ ನಡುವಿನ ಪ್ರಾಣಿ ಯಾವುದೆಂದು ಇನ್ನೂ ಪತ್ತೆಯಾಗಿಲ್ಲ.

ಬಾವಲಿಗಳನ್ನು ದಯವಿಟ್ಟು ಓಡಿಸಬೇಡಿ, ಕೊಲ್ಲಬೇಡಿ. ಬೆದರಿದ ಬಾವಲಿಗಳು ಚದುರಿ ಹೊಸ ಜಾಗ ಹಿಡಿಯುತ್ತವೆ, ಓಡಿಸಲು ಹೋದವರೇ ಅವುಗಳ ಹಿಕ್ಕೆ, ಮೂತ್ರಕ್ಕೆ ಮೈಯೊಡ್ಡುತ್ತಾರೆ.

ಪ್ರಶ್ನೆ: ನನ್ನ ತಮ್ಮ ಸೌದಿಯಲ್ಲಿ ಒಂಟೆ ಸಾಕುವ ಕೆಲಸದಲ್ಲಿದ್ದಾನೆ. ಅಲ್ಲಿ ಒಂಟೆ ಹಾಲನ್ನು ಹಸಿಯಾಗಿಯೇ ಕುಡಿಯುತ್ತಾರಂತೆ. ಅಪಾಯವಿದೆಯೇ?
– ಓದುಗರು, ಭಟ್ಕಳ

ಉತ್ತರ: ಇದೆ. 2012ರಲ್ಲಿ ಸೌದಿಯಲ್ಲಿ ಗುರುತಿಸಿದ ಮೆರ್ಸ್ ಕೊರೊನಾ ವೈರಸ್ ಒಂಟೆಗಳಿಗೆ ಬರೀ ನೆಗಡಿ ತರುತ್ತದೆ, ಮನುಷ್ಯರಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ವರದಿಯಾದ ರೋಗಿಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಸತ್ತಿದ್ದಾರೆ. ವೈರಸ್ ಹೆಚ್ಚಾಗಿ ಹೊರಬೀಳುವುದು ಎಳೆಯ ಒಂಟೆಗಳ ಮೂಗಿನ ಸಿಂಬಳದಲ್ಲಿ. ಹಾಗಾಗಿ ಮರಿಗಳ ಮೂತಿ ಒರೆಸುವಾಗ, ಔಷಧಿ ಕುಡಿಸುವಾಗ ಗ್ಲೌಸ್, ಮಾಸ್ಕ್ ಬೇಕು. ಆಮೇಲೆ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು, ಕೆಲಸದ ಬಟ್ಟೆ ಕೋಣೆಗೆ ತರಬಾರದು. ಹಾಲನ್ನು ಕುದಿಸಿಯೇ ಕುಡಿಯಲಿ. ಮಧುಮೇಹ, ಮೂತ್ರಪಿಂಡದ ಕಾಯಿಲೆ ಇದ್ದರೆ ಆ ಕೆಲಸವನ್ನೇ ಬಿಡುವುದು ಒಳ್ಳೆಯದು.

ಊರಿಗೆ ಬಂದ 14 ದಿನಗಳೊಳಗೆ ಜ್ವರ, ಕೆಮ್ಮು ಬಂದರೆ ಒಂಟೆಗಳ ಜೊತೆ ಇದ್ದದ್ದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮಾಮೂಲಿ ನ್ಯುಮೋನಿಯಾ ಎಂದೇ ವಾರ್ಡಿಗೆ ಹಾಕುತ್ತಾರೆ. 2015ರಲ್ಲಿ ದಕ್ಷಿಣ ಕೊರಿಯಾದಲ್ಲಿ ಕೊಲ್ಲಿಯಿಂದ ಮರಳಿದ ಒಬ್ಬರಿಂದ ಶುರುವಾದ ಸೋಂಕು, ಬಹುಪಾಲು ಆಸ್ಪತ್ರೆಗಳಲ್ಲೇ ಹಬ್ಬಿ 186 ಜನರನ್ನು ಮುಟ್ಟಿತು, 38 ಜನ ಸತ್ತರು.

ಪ್ರಶ್ನೆ: ನಮ್ಮ ಬೆಕ್ಕಿನ ರಕ್ತಪರೀಕ್ಷೆಯಲ್ಲಿ ‘ಕೊರೊನಾ ಪಾಸಿಟಿವ್’ ಎಂದು ಬಂದಿದೆ. ಮಕ್ಕಳಿಗೆ ಅಂಟುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಇಲ್ಲ, ಅದು ಬೆಕ್ಕಿನದೇ ಬೇರೆ ಕೊರೊನಾ. ಕರುಳಿನಲ್ಲಿ ಬೆಳೆದು ಮಲದ ಮೂಲಕ ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತದೆ. ಕೆಲವೇ ಬೆಕ್ಕುಗಳಲ್ಲಿ ಅದು ರೂಪ ಬದಲಿಸಿ ಎಫ್‌ಐಪಿ ಎಂಬ ಕಾಯಿಲೆಯಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವುದು, ಇಳಿಯದ ಜ್ವರ ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಹೋಗಿ. ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಎಫ್‌ಐಪಿ ಎಂದಲ್ಲ. ಹಲವು ಬೆಕ್ಕುಗಳಿದ್ದರೆ ಒಂದೊಂದಕ್ಕೆ ಒಂದು, ಮೇಲೊಂದು ಹೆಚ್ಚುವರಿ ಮಲದ ಟ್ರೇ ಇಡಿ, ದಿನವೂ ಮಲ ಎತ್ತಿ ತೆಗೆಯಿರಿ, ಟ್ರೇ ಊಟದ ತಟ್ಟೆಯಿಂದ ದೂರವಿರಲಿ.