ಎರಡೇ ಚಕ್ರ ಫುಟ್‌ಪಾತ್ ಮೇಲಿದ್ದರೂ ತಪ್ಪಾ?

ರಸ್ತೆ ಕಿರಿದು, ಅದಕ್ಕೇ ಎರಡು ಚಕ್ರ ಫುಟ್‌ಪಾತ್‌ಗೆ ಹತ್ತಿಸಿ ಕಾರು ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ನಿಯಮ ಎಲ್ಲ ಕಡೆ ಒಂದೇ ಇಲ್ಲ. ಲಂಡನ್‌ನಲ್ಲಿ 1974ರಿಂದಲೇ ನಿಷೇಧ, ಬೋರ್ಡ್ ಹಾಕಿ ಅನುಮತಿ ಕೊಟ್ಟ ಜಾಗ ಬಿಟ್ಟು. ಭಾರತದ 2017ರ ಚಾಲನಾ ನಿಯಮಗಳೂ ಫುಟ್‌ಪಾತ್ ಮೇಲೆ, ಬೇರೆಯವರ ಗೇಟಿನ ಮುಂದೆ ನಿಲ್ಲಿಸಬೇಡಿ ಅನ್ನುತ್ತವೆ. 'ಅರ್ಧ ಮಾತ್ರ' ಅನ್ನೋ ವಾದ ನಿಲ್ಲೋದು ಕಷ್ಟ. ಗಾಲಿಕುರ್ಚಿಯವರು ಆ ಅರ್ಧಕ್ಕೇ ರಸ್ತೆಗೆ ಇಳಿಯಬೇಕಾಗುತ್ತದೆ, ಅಲ್ವಾ?

ಇನ್ನು ಮನೆ ಮುಂದೆ, ರಸ್ತೆ ಬದಿಯ ಹುಲ್ಲಿನ ಪಟ್ಟಿ. ನೀರು ಹಾಕೋರು ನೀವೇ ಆದರೂ ಅದು ಸಾಮಾನ್ಯವಾಗಿ ಸಾರ್ವಜನಿಕ ಜಾಗ. ಚಕ್ರದ ಭಾರಕ್ಕೆ ಮಣ್ಣು ಗಟ್ಟಿಯಾಗಿ ನೀರು ಇಂಗೋದಿಲ್ಲ, ಮರದ ಬೇರಿಗೆ ಗಾಳಿ ಸಿಗೋದಿಲ್ಲ. ರಸ್ತೆಯ ಒಂದೇ ಬದಿಯಲ್ಲಿ ನಿಲ್ಲಿಸೋಣ ಅಂತ ಅಕ್ಕಪಕ್ಕದವರ ಜೊತೆ ಒಮ್ಮೆ ಮಾತಾಡಿ ನೋಡಿ. ಆದರೆ ಆಂಬುಲೆನ್ಸ್ ಹೋಗುವಷ್ಟು ದಾರಿ ಉಳಿಯಬೇಕು.