ಮೊದಲು ಆರು ಕಂತಿನದ್ದೇ ನೋಡಿ

ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿ ಓದಿ ಮುಗಿಸಿದ್ದೀರಿ, 1995ರ ಬಿಬಿಸಿ ಧಾರಾವಾಹಿ ನೋಡಲೋ 2005ರ ಸಿನಿಮಾ ನೋಡಲೋ ಅಂತ ಕೇಳಿದ್ದೀರಿ. ನನ್ನ ಓಟು ಧಾರಾವಾಹಿಗೇ.

ಧಾರಾವಾಹಿ ಅಂದ ತಕ್ಷಣ ಹೆದರಬೇಡಿ. ನಮ್ಮವುಗಳ ಹಾಗೆ ವರ್ಷಗಟ್ಟಲೆ ಎಳೆಯುವುದಿಲ್ಲ, ಆರೇ ಕಂತು. ಆದರೂ ನಾಯಕಿ ಎಲಿಜಬೆತ್‌ಳ ತಾಯಿ ಮಿಸೆಸ್ ಬೆನೆಟ್ ಗೋಳಾಟಕ್ಕೆ, ಅವರ ನೆಂಟ ಪಾದ್ರಿ ಕಾಲಿನ್ಸ್ ಹಲ್ಲುಗಿಂಜುವುದಕ್ಕೆ ಬೇಕಾದಷ್ಟು ಜಾಗ ಇದೆ. ನಾಯಕ ಡಾರ್ಸಿ ಎಲಿಜಬೆತ್‌ಗೆ ಬರೆಯುವ ಆ ಉದ್ದನೆಯ ಪತ್ರ ಇದೆಯಲ್ಲ, ಅದನ್ನು ಅವನು ರಾತ್ರಿಯೆಲ್ಲ ಕೂತು ಬರೆಯುವುದನ್ನೇ ತೋರಿಸುತ್ತಾರೆ. ಡಾರ್ಸಿಗೆ ಆಗದ ಸೈನ್ಯಾಧಿಕಾರಿ ವಿಕಮ್‌ನ ಹಳೆಯ ಕಥೆಯೂ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಎರಡು ಗಂಟೆಯ ಸಿನಿಮಾಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ಧಾರಾವಾಹಿಯಲ್ಲಿ ಡಾರ್ಸಿ ಕೊಳಕ್ಕೆ ಹಾರುವ ದೃಶ್ಯ ಪುಸ್ತಕದಲ್ಲಿ ಸಿಗಲೇ ಇಲ್ಲ ಅಂದಿರಿ. ಸುಮ್ನೆ ಹುಡುಕಬೇಡಿ, ಅದು ಚಿತ್ರಕಥೆ ಬರೆದ ಆಂಡ್ರ್ಯೂ ಡೇವಿಸ್ ಕೈಚಳಕ! ಕಾದಂಬರಿಯಲ್ಲಿ ಅವನು ಒಂದು ದಿನ ಮೊದಲೇ ಊರಿಗೆ ಬಂದು ಎಲಿಜಬೆತ್‌ಗೆ ಎದುರಾಗುತ್ತಾನೆ, ಅಷ್ಟೇ. ಇಬ್ಬರ ಮುಖವೂ ಕೆಂಪಾಗುತ್ತದೆ. ನನಗೇನೋ ಅದೇ ಜಾಸ್ತಿ ಇಷ್ಟ.

ಸಿನಿಮಾ ಆಮೇಲೆ ನೋಡಿ, ಕಣ್ಣಿಗೆ ಹಬ್ಬ. ಆದರೆ ಡಾರ್ಸಿ ಮೊದಲ ಸಲ ಮದುವೆ ಮಾತು ಎತ್ತುವುದು ಅಲ್ಲಿ ಸುರಿಯುವ ಮಳೆಯಲ್ಲಿ. ಪುಸ್ತಕದಲ್ಲಿ ಅದು ಕೋಣೆಯೊಳಗೆ ಅಲ್ವಾ?