25 ಸಾವಿರದೊಳಗೆ ಮೊದಲ ಕಾಂಪೌಂಡ್ ಬಿಲ್ಲು ಯಾವುದು ತಗೋಬೇಕು? ಹಂದಿ ಹೊಡೆಯೋಕೆ 70 ಪೌಂಡ್ ಬೇಕಾ?

ನಾನು ಕಲಬುರಗಿಯವನು. ಆರು ವರ್ಷದಿಂದ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರೋದು) ಹಿಡೀತಿದ್ದೀನಿ, ಭಾನುವಾರ ಬೆಳಿಗ್ಗೆಯ ಅಭ್ಯಾಸ ತಪ್ಪಿಸಿದ್ದು ಕಡಿಮೆ. ನೀವು ಶಹಾಪುರ ಕಡೆಯವರು, ಹತ್ತಿ-ತೊಗರಿ ಹೊಲಕ್ಕೆ ರಾತ್ರಿ ಹಂದಿ ನುಗ್ತಾವೆ, 25 ಸಾವಿರ ಕೂಡಿಸಿದ್ದೀನಿ, 70 ಪೌಂಡ್ ಎಳೆತದ (ದಾರ ಎಳೆಯೋಕೆ ಬೇಕಾಗೋ ಬಲ) ‘ಹಂಟಿಂಗ್ ಸೆಟ್’ ತಗೊಳ್ಳಲೇ ಅಂತ ಕೇಳಿದ್ದೀರಿ. ಬಿಲ್ಲು ಅಗತ್ಯವಾಗಿ ತಗೊಳ್ರಿ. ಆದರೆ ಹಂದಿ ಹೊಡೆಯೋಕಂತ ತಗೋಬೇಡ್ರಿ. ಆ ಉದ್ದೇಶ ಬಿಟ್ಟರೆ ನಿಮ್ಮ 25 ಸಾವಿರ ಸಾಕಾಗ್ತದೆ. ಅದನ್ನೇ ಹಿಡಿದು ಹೊರಟರೆ ಸಾಲೋದಿಲ್ಲ, ಮೇಲೆ ಕೇಸೂ ಬೀಳ್ತದೆ.

ಕಾಯ್ದೆಯ ಮಾತು ಮೊದಲು ಮುಗಿಸ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲೋದಷ್ಟೇ ಅಲ್ಲ. ಹಿಡಿಯೋದು, ಉರುಳು ಹಾಕೋದು, ಅದಕ್ಕೆ ಪ್ರಯತ್ನ ಮಾಡೋದು, ಎಲ್ಲವೂ ಬೇಟೆಯೇ. ಬಾಣ ಗುರಿ ತಪ್ಪಿದರೂ ಅಪರಾಧ ತಪ್ಪೋದಿಲ್ಲ. 2022ರ ತಿದ್ದುಪಡಿ ಆದ ಮೇಲೂ ಕಾಡುಹಂದಿ ರಕ್ಷಿತ ಪಟ್ಟಿಯೊಳಗೇ ಇದೆ. ಚಿಗರಿ (ಕೃಷ್ಣಮೃಗ), ನವಿಲು ಮೊದಲನೇ ಪಟ್ಟಿಯಲ್ಲಿವೆ, ಅವುಗಳ ಮೇಲೆ ಕೈ ಮಾಡಿದರೆ 3ರಿಂದ 7 ವರ್ಷ ಜೈಲು. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು 11ನೇ ಕಲಂ ಅಡಿ ಲಿಖಿತ ಅನುಮತಿ ಕೊಡಬಲ್ಲವರು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಮಾತ್ರ. ‘ನನ್ನ ಹೊಲ, ನನ್ನ ಬೆಳೆ’ ಅನ್ನೋದು ಅಲ್ಲಿ ನಡೆಯೋದಿಲ್ಲ.

ಕಾಯ್ದೆಗಿಂತ ನನಗೆ ಹೆಚ್ಚು ಹೆದರಿಕೆ ಇನ್ನೊಂದಕ್ಕೆ. ಬಾಣ ತಿಂದ ಹಂದಿ ನಿಂತಲ್ಲೇ ಬೀಳೋದಿಲ್ಲ. ರಾತ್ರಿ ಕತ್ತಲಲ್ಲಿ ಓಡಿಹೋಗಿ ಯಾರದೋ ಹತ್ತಿ ಸಾಲಿನಲ್ಲಿ ಬಿದ್ದುಕೊಂಡಿರ್ತದೆ. ಬೆಳಿಗ್ಗೆ ಹತ್ತಿ ಬಿಡಿಸೋಕೆ ಹೋದ ಹೆಣ್ಣುಮಕ್ಕಳ ಮುಂದೆ ಅದು ಎದ್ದು ನಿಂತರೆ ಏನಾಗ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಂದಿಗೆ ಬೇರೆ ದಾರಿಗಳಿವೆ. ಬದುವಿನ ಸುತ್ತ ಹಳೇ ಸೀರೆ ಕಟ್ಟೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೈಯಲ್ಲಿ ದುಡ್ಡಿದ್ದರೆ ಬೇಲಿ ತಂತಿಗೆ ಲಘು ಶಾಕ್ ಕೊಡೋ ಸೋಲಾರ್ ಝಟ್ಕಾ ಮಷೀನ್ ಹಾಕಿಸ್ರಿ. ಮನೆಯ ಲೈನಿನಿಂದ ತಂತಿಗೆ ನೇರ ಕರೆಂಟ್ ಕೊಡೋದು ಮಾತ್ರ ಬೇಡವೇ ಬೇಡ, ಅದು ಮನುಷ್ಯರನ್ನೇ ಕೊಲ್ತದೆ. ಬೆಳೆ ಹೋಗಿದ್ದರೆ ಫೋಟೋ, ಪಹಣಿ ತಗೊಂಡು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗ್ರಿ, ಪರಿಹಾರಕ್ಕೆ ಅರ್ಜಿ ಹಾಕಲು ಅರಣ್ಯ ಇಲಾಖೆಯ ‘ಇ-ಪರಿಹಾರ’ ವ್ಯವಸ್ಥೆ ಇದೆ.

ಈಗ ಬಿಲ್ಲಿಗೆ ಬರ್ತೀನಿ. ನೀವು ನೋಡಿರೋ ಬೇಟೆಯ ವಿಡಿಯೋಗಳು ಅಮೆರಿಕದವು. ಅಲ್ಲಿ ಸೀಸನ್ ಇದೆ, ಲೈಸೆನ್ಸ್ ಇದೆ. ಅಲ್ಲಿ ಕೂಡ ಬಹಳಷ್ಟು ರಾಜ್ಯಗಳು ಜಿಂಕೆಗೆ ಕೇಳೋ ಕನಿಷ್ಠ ಎಳೆತ 35-40 ಪೌಂಡ್ ಅಷ್ಟೇ. 70 ಅನ್ನೋದು ಕೇಳೋಕೆ ಚಂದ. ಲೆಕ್ಕ ಹಾಕಿದರೆ 70 ಪೌಂಡ್ ಅಂದರೆ ಹತ್ತಿರ ಹತ್ತಿರ 32 ಕಿಲೋ, ಮೂರು ಬೆರಳಿನ ಬಲದಲ್ಲಿ ಅಲ್ಲ, ಬೆನ್ನಿನ ಸ್ನಾಯುವಿನಲ್ಲಿ ಎಳೀಬೇಕು. ಸ್ಪರ್ಧೆಯ ನಿಯಮದಲ್ಲೇ ಕಾಂಪೌಂಡಿಗೆ 60 ಪೌಂಡ್ ಗರಿಷ್ಠ ಮಿತಿ. ಆ ಬಿಲ್ಲಿನಲ್ಲಿ 50 ಮೀಟರ್ ದೂರದ, 80 ಸೆಂಟಿಮೀಟರ್ ಅಗಲದ ಗುರಿಗೆ ಹೊಡೀತಾರೆ. 2023ರಲ್ಲಿ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ ಆದ ಸಾತಾರದ ಅದಿತಿ ಸ್ವಾಮಿಗೆ ಆಗ 17 ವರ್ಷ, ಆ ಹುಡುಗಿ ಗೆದ್ದದ್ದು ಇದೇ ಕಾಂಪೌಂಡ್ ಬಿಲ್ಲಿನಲ್ಲಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ನಿಮಗೂ ಇದು ದೊಡ್ಡ ಬಾಗಿಲು, ಹಂದಿಯ ಹಿಂದೆ ಓಡಿ ಅದನ್ನ ಮುಚ್ಚಿಕೊಳ್ಳಬೇಡ್ರಿ.

ಮೊದಲ ಬಿಲ್ಲಿಗೆ 35ರಿಂದ 45 ಪೌಂಡ್ ಸಾಕು. ಎರಡೂ ತುದಿಯ ಕ್ಯಾಮ್ ಅಂದರೆ ಒಂದು ಬಗೆಯ ರಾಟೆ, ಸರಿಯಾದ ದುಂಡಲ್ಲ. ಎಳೆಯುವಾಗ ನಡುವೆ ಭಾರ ಏರ್ತದೆ, ಪೂರ್ತಿ ಎಳೆದ ಮೇಲೆ ಧುಮ್ಮಿಕ್ಕಿ ಇಳೀತದೆ. ಅಮೆರಿಕದ ಮಿಸೌರಿಯ ಅಲೆನ್ ಎಂಬಾತ 1969ರಲ್ಲಿ ಪೇಟೆಂಟ್ ಪಡೆದದ್ದು ಈ ಉಪಾಯಕ್ಕೇ. 80 ಶೇಕಡಾ ಲೆಟ್-ಆಫ್ (ಪೂರ್ತಿ ಎಳೆದಾಗ ಇಳಿಯೋ ಭಾರ) ಇರೋ 40 ಪೌಂಡಿನ ಬಿಲ್ಲನ್ನ ಎಳೆದು ಹಿಡಿದಾಗ ಕೈಗೆ ಉಳಿಯೋದು 8 ಪೌಂಡ್ ಮಾತ್ರ. ಅದಕ್ಕೇ ನಿಧಾನವಾಗಿ ಗುರಿ ನೋಡೋಕೆ ಆಗ್ತದೆ. ಆದರೆ ಆ ನಡುವಿನ ಏರು ದಾಟಲೇಬೇಕು. ಪರೀಕ್ಷೆ ಹೀಗೆ ಮಾಡ್ರಿ: ಕುರ್ಚಿ ಮೇಲೆ ಕೂತು, ಬಾಣ ಏರಿಸಿ, ಬಿಲ್ಲನ್ನ ನೇರ ಗುರಿಯ ಕಡೆಗೇ ಹಿಡಿದು ಎಳೀರಿ. ಬಿಲ್ಲು ಆಕಾಶಕ್ಕೆ ಎದ್ದರೆ, ಬೆನ್ನು ಬಾಗಿದರೆ, ಆ ತೂಕ ನಿಮಗಲ್ಲ.

ತೂಕಕ್ಕಿಂತ ಮುಖ್ಯವಾದದ್ದು ಎಳೆತದ ಉದ್ದ, ಅಂದರೆ ದಾರ ಎಷ್ಟು ದೂರ ಹಿಂದಕ್ಕೆ ಬರ್ತದೆ ಅನ್ನೋದು. ಇಲ್ಲಿ ನಾನೇ ಪೆಟ್ಟು ತಿಂದಿದ್ದೀನಿ. ಮೊದಲ ಬಿಲ್ಲು ತಗೊಂಡಾಗ ಅಂಗಡಿಯವರು ಕೈ ಅಳೀಲೇ ಇಲ್ಲ, ‘ಎಲ್ಲಾರಿಗೂ ಇದೇ ಕೊಡ್ತೀವ್ರಿ, ಎಳೀತಾ ಎಳೀತಾ ರೂಢಿ ಆಗ್ತದ’ ಅಂದರು. ಅದು 29 ಇಂಚಿಗೆ ಕೂತಿತ್ತು. ನನ್ನ ಎರಡು ತೋಳು ಚಾಚಿದರೆ ಬೆರಳ ತುದಿಯಿಂದ ತುದಿಗೆ 168 ಸೆಂಟಿಮೀಟರ್, ಅಂದರೆ 66 ಇಂಚು. ಅದನ್ನ 2.5ರಿಂದ ಭಾಗಿಸಿದರೆ 26.5 ಇಂಚು ಬರ್ತದೆ. ಎರಡೂವರೆ ಇಂಚು ಹೆಚ್ಚಿನ ಬಿಲ್ಲಿನಲ್ಲಿ ನಾನು ಮೂರು ತಿಂಗಳು ಹೊಡೆದೆ. ಪ್ರತಿ ಸಲ ದಾರ ಮುಂಗೈಗೆ ಬಡಿದು, ಮೊಣಕೈ ಕೆಳಗೆ ನೇರಳೆ ಹಣ್ಣಿನ ಬಣ್ಣದ ಬಾವು. ತಲೆ ಹಿಂದಕ್ಕೆ ವಾಲಿ, ಪೀಪ್ ಸೈಟ್ (ದಾರದೊಳಗಿನ ಗುರಿ ನೋಡೋ ಕಿಂಡಿ) ಎಂದೂ ಕಣ್ಣಿಗೆ ಸರಿಯಾಗಿ ಬರಲಿಲ್ಲ. ಕೈ ಸೋತಿದೆ ಅಂದುಕೊಂಡಿದ್ದೆ. ಹೈದರಾಬಾದಿನಲ್ಲಿ ಒಬ್ಬ ಕೋಚ್ ನೋಡಿ, ಆರು ಮೂಲೆಯ ಅಲೆನ್ ಕೀ ತಗೊಂಡು ಕ್ಯಾಮಿನ ಮಾಡ್ಯೂಲ್ (ಎಳೆತದ ಉದ್ದ ಹೊಂದಿಸೋ ತುಣುಕು) ಸರಿಸಿ 26.5ಕ್ಕೆ ತಂದರು. ಹತ್ತು ನಿಮಿಷದ ಕೆಲಸ. ಅವತ್ತೇ ಆರು ಬಾಣ ಒಂದು ತಟ್ಟೆಯಷ್ಟು ಜಾಗದೊಳಗೆ ಕೂತವು.

ಹಾಗಾಗಿ ಬಿಲ್ಲನ್ನ ಒತ್ತಿ ಹಿಡಿಯೋ ಪ್ರೆಸ್ ಯಂತ್ರಕ್ಕೆ ಹಾಕದೆಯೇ ಉದ್ದ ಬದಲಾಯಿಸಬಹುದಾದ, ತೂಕವೂ 20-30 ಪೌಂಡಿನಿಂದ 60ರವರೆಗೆ ಏರಿಸಬಹುದಾದ ಬಿಲ್ಲನ್ನೇ ಹುಡುಕ್ರಿ. ನಿಮ್ಮ ಬಜೆಟ್ಟಿನಲ್ಲಿ ಸಾನ್‌ಲಿಡಾ, ಟಾಪಾಯಿಂಟ್ ತರಹದ ಚೀನಾ ಬಿಲ್ಲುಗಳನ್ನ ನೋಡಬಹುದು. ಹೊಯ್ಟ್, ಮ್ಯಾಥ್ಯೂಸ್ ತರಹದ ದುಬಾರಿ ಬಿಲ್ಲು ಈಗಲೇ ಬೇಡ. ಬಿಲ್ಲು, ಸೈಟ್ (ಗುರಿ ನೋಡೋ ಸಾಧನ), ರೆಸ್ಟ್ (ಬಾಣ ಕೂರೋ ಆಸರೆ) ಸೇರಿ 17 ಸಾವಿರ ದಾಟಬೇಡ್ರಿ. ಉಳಿದದ್ದು ಮಣಿಕಟ್ಟಿಗೆ ಕಟ್ಟಿ ದಾರ ಹಿಡಿದು ಬಿಡೋ ರಿಲೀಸ್, ಕಾರ್ಬನ್ ಬಾಣ, ದಾರಕ್ಕೆ ಹಚ್ಚೋ ಮೇಣ, ಮುಂಗೈ ಪಟ್ಟಿಗೆ ಬೇಕು. ಅಗಲ ಅಲಗಿನ ಬೇಟೆ ಮೊನೆಗಳಿಗೆ ಒಂದು ರೂಪಾಯಿಯೂ ಹಾಕಬೇಡ್ರಿ.

ಬಾಣದಲ್ಲಿ ಉಳಿತಾಯ ಮಾಡೋಕೆ ಹೋಗಬೇಡ್ರಿ. ಬಿಲ್ಲಿನ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ತೂಕದ ಬಾಣ ಇರಬೇಕು, 40 ಪೌಂಡಿಗೆ 200 ಗ್ರೇನ್, ಅಂದರೆ 13 ಗ್ರಾಂ. ಅದಕ್ಕಿಂತ ಹಗುರವಾದರೆ ಬಾಣ ಹೊರದ ಬಲವೆಲ್ಲ ಬಿಲ್ಲಿಗೇ ವಾಪಸ್ ಬಡೀತದೆ. ಬಾಣವೇ ಇಲ್ಲದೆ ದಾರ ಬಿಟ್ಟರಂತೂ ಲಿಂಬ್ (ಬಿಲ್ಲಿನ ಬಾಗುವ ತೋಳು) ಸೀಳಬಹುದು, ಕ್ಯಾಮ್ ಬಾಗಬಹುದು. ‘ಒಂದ್ ಸಲ ಎಳ್ದು ನೋಡ್ತೀನಿ ಕೊಡೋ’ ಅನ್ನೋ ಗೆಳೆಯರಿಗೆ ಬಿಲ್ಲು ಕೊಡಬೇಡ್ರಿ. ಪ್ರತಿ ಸಲ ಹೊಡೆಯೋ ಮುಂಚೆ ಬಾಣವನ್ನ ಸ್ವಲ್ಪ ಬಗ್ಗಿಸಿ ಕೇಳ್ರಿ. ಚಿಟಿಚಿಟಿ ಸದ್ದು ಬಂದರೆ ಮುರಿದು ಬಿಸಾಕ್ರಿ. ಬಿರುಕು ಬಿಟ್ಟ ಕಾರ್ಬನ್ ಒಡೆದರೆ ಅದರ ಸಿಬರು ಅಂಗೈಯೊಳಗೆ ಹೋಗ್ತದೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬೇಡ ಅನ್ನಬೇಡ್ರಿ, ಆದರೆ ನೋಡೋಕೆ ಹೋಗುವಾಗ ಒಂದು ಹಿಡಿ ಅರಳೆ ಜೇಬಿನಲ್ಲಿಟ್ಟುಕೊಳ್ರಿ, ನಿಮ್ಮ ಹೊಲದ್ದೇ ಆಯ್ತು. ಎರಡೂ ಲಿಂಬಿನ ಅಂಚಿನುದ್ದಕ್ಕೂ ಮೆಲ್ಲಗೆ ಸವರ್ರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳು ಶುರುವಾಗಿದೆ ಅಂತ ಅರ್ಥ, ಎಷ್ಟು ಕಡಿಮೆ ಕೇಳಿದರೂ ಬಿಟ್ಟು ಬರ್ರಿ. ದಾರದ ಎಳೆ ಕೂದಲಿನಂತೆ ಎದ್ದಿದ್ದರೆ ಹೊಸ ದಾರದ ದುಡ್ಡು ಕಳೆದು ರೇಟು ಮಾತಾಡ್ರಿ.

ಗುರಿಗೆ ಗೋಣಿಚೀಲದಲ್ಲಿ ಹಳೇ ಬಟ್ಟೆ ಗಟ್ಟಿಯಾಗಿ ತುರುಕಿ, ಹಿಂದೆ ನಿಮ್ಮ ಎತ್ತರಕ್ಕಿಂತ ಮೇಲೆ ಮಣ್ಣಿನ ದಿಬ್ಬ ಮಾಡ್ರಿ. ಶಹಾಬಾದ್ ಪರ್ಸಿ ಕಲ್ಲಿನ ಗೋಡೆ ಮುಂದೆ ಮಾತ್ರ ಇಡಬೇಡ್ರಿ, ತಪ್ಪಿದ ಬಾಣ ಪರ್ಸಿಗೆ ಬಡಿದು ಚೂರಾಗಿ ವಾಪಸ್ ಬರ್ತದೆ. ನಮ್ಮದು ಬಯಲು ನೆಲ, ದಿಬ್ಬ ಇಲ್ಲದಿದ್ದರೆ 40 ಪೌಂಡಿನ ಬಾಣ ಕೂಡ 200 ಮೀಟರ್ ದಾಟಿ ಹೋಗಬಲ್ಲದು, ಅಲ್ಲಿ ಯಾರು ಕಳೆ ತೆಗೀತಿದ್ದಾರೋ ನಿಮಗೆ ಕಾಣೋದಿಲ್ಲ. ಮೊದಲ ತಿಂಗಳು 10 ಮೀಟರ್ ಸಾಕು. ಇನ್ನು ಏಪ್ರಿಲ್-ಮೇ ಬಿಸಿಲಲ್ಲಿ ಬಿಲ್ಲನ್ನ ಮುಚ್ಚಿದ ಕಾರಿನಲ್ಲಿ ಬಿಡಬೇಡ್ರಿ. ದಾರ ಹಿಗ್ಗಿ ನಿಮ್ಮ ಗುರಿಯೆಲ್ಲ ಕೆಡ್ತದೆ, ಲಿಂಬಿನ ಪದರವೂ ಬಿಡಬಹುದು.

ದುಡ್ಡು ಕೊಡೋ ಮುಂಚೆ ಗೋಡೆಗೆ ಬೆನ್ನು ಕೊಟ್ಟು ನಿಂತು ತೋಳು ಚಾಚಿ, ಮನೆಯಲ್ಲಿ ಯಾರಿಗಾದರೂ ಟೇಪು ಹಿಡಿಸಿ ಅಳತೆ ತಗೊಳ್ರಿ. ಆ ಸಂಖ್ಯೆ, ಕುರ್ಚಿ ಪರೀಕ್ಷೆಯಲ್ಲಿ ಆರಾಮಾಗಿ ಎಳೆದ ತೂಕ, ಎರಡನ್ನೂ ಇಲ್ಲಿ ಬರೀರಿ. ಯಾವ ಸ್ಪೈನಿನ (ಬಾಗದಿರೋ ಬಿಗಿತದ) ಬಾಣ, ಎಷ್ಟು ಉದ್ದ ಕತ್ತರಿಸಬೇಕು ಅಂತ ನಾನು ಲೆಕ್ಕ ಹಾಕಿ ಹೇಳ್ತೀನಿ.